ಒಳಗೆ ಯಾರೂ ಇಲ್ಲ

“ಅಲ್ಲಿ ನೋಡು, ನಿನ್ನ ಕಾಲಿನ ಗುರುತು. ಒರೆಸು. ಹೋಗದಿದ್ದರೆ ನೆಕ್ಕು,” ಎಂದು ಕುರೋಡಾ ಟಾರ್ಚಿನ ಬೆಳಕನ್ನು ರತ್ನಾಳ ಬೂಟಿನ ಮೇಲೆ ಬಿಟ್ಟ.

ರತ್ನಾ ಒರೆಸಿದಳು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು, ಆ ಹೆಜ್ಜೆಯನ್ನೂ ಒರೆಸಿದಳು. ಟೂರು ಬರುವ ದಿನದ ಕೆಲಸವೇ ಹಾಗೆ. ತೊಳೆಯುತ್ತ ತೊಳೆಯುತ್ತ ಹಿಮ್ಮುಖವಾಗಿ ನಡೆದು ಮೂಲೆ ಸೇರಬೇಕು. ತೊಳೆದವರು ಯಾರು ಎಂದು ನೆಲಕ್ಕೂ ಗೊತ್ತಾಗಬಾರದು.

ಕೋಬೆಯಿಂದ ರೈಲಿನಲ್ಲಿ ಎರಡು ಗಂಟೆ ಹೋದರೆ ಸಿಗುವ ಮಿನಾಗಿಸಾ ಎಂಬ ಕಡಲ ಪಟ್ಟಣ ಅದು. ಬಂದರಿನ ಅಡಿಯಲ್ಲಿ, ಇಪ್ಪತ್ತು ಮೀಟರ್ ಆಳದಲ್ಲಿ, ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಕಾಂಕ್ರೀಟಿನ ತೊಟ್ಟಿ. ಬಿರುಗಾಳಿಯ ಮಳೆ ಸುರಿದಾಗ ಊರಿನ ನೀರೆಲ್ಲ ಇಲ್ಲಿಗೆ ಬಂದು ಬೀಳುತ್ತದೆ. ಕಡಲು ಉಕ್ಕಿದಾಗ ತೊಟ್ಟಿಯ ತುದಿಯ ಕಬ್ಬಿಣದ ಗೇಟು ಮುಚ್ಚಿಕೊಂಡು ಊರನ್ನು ಕಾಯುತ್ತದೆ. ಮಳೆಯಿಲ್ಲದ ದಿನಗಳಲ್ಲಿ ನಗರಸಭೆಯವರು ಟಿಕೆಟ್ಟು ಮಾರಿ ಜನರನ್ನು ಕರೆತಂದು ಇದನ್ನು ತೋರಿಸುತ್ತಾರೆ. ಆಳೆತ್ತರಕ್ಕೆ ಹತ್ತು ಪಟ್ಟು ಎತ್ತರದ ಕಂಬಗಳಿರುವುದರಿಂದ ಕೈಪಿಡಿಯಲ್ಲಿ ಇದಕ್ಕೆ ಪಾತಾಳದ ದೇವಾಲಯ ಎಂದು ಹೆಸರು ಕೊಟ್ಟಿದ್ದಾರೆ. ದೇವಾಲಯ ಎಂದ ಮೇಲೆ ಅದನ್ನು ಗುಡಿಸುವವರು ಒಳಗೆ ಕಾಣಿಸಬಾರದು. ಈ ನಿಯಮವನ್ನು ರತ್ನಾಳಿಗೆ ಯಾವ ಜಪಾನೀಯನೂ ಹೇಳಿಕೊಡಬೇಕಾಗಿರಲಿಲ್ಲ, ನಂಜನಗೂಡಿನ ಕಡೆಯ ಅವಳ ಕೇರಿಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅದು ಗೊತ್ತು.

ಅವಳ ವೀಸಾದಲ್ಲಿ ಹೋಟೆಲಿನ ಕೋಣೆ ಗುಡಿಸುವ ಕೆಲಸ ಎಂದು ಬರೆದಿದೆ. ಮೈಸೂರಿನ ತರಬೇತಿ ಕೇಂದ್ರದಲ್ಲಿ ಮೂರು ತಿಂಗಳು ಹಾಸಿಗೆಯ ಬಟ್ಟೆ ಮಡಚಲು ಕಲಿಸಿದ್ದರು. ಹಂಸದ ಹಾಗೆ ಟವೆಲ್ಲು ಮಡಚುವುದರಲ್ಲಿ ಅವಳಿಗೆ ಮೊದಲ ಬಹುಮಾನ ಬಂದಿತ್ತು. ಇಲ್ಲಿಗೆ ಬಂದ ಮೂರನೆಯ ವಾರಕ್ಕೆ ಕುರೋಡಾನ ಒಳಗುತ್ತಿಗೆ ಕಂಪನಿ ಉದ್ದನೆಯ ಬೂಟು ತೊಡಿಸಿ ಈ ತೊಟ್ಟಿಗೆ ಇಳಿಸಿತು. ಹಂಸ ಅಲ್ಲಿಗೆ ಮುಗಿಯಿತು. ಈಗ ಒಂದೂವರೆ ವರ್ಷ.

“ಅಕ್ಕೋ, ಬುಡು ಸಾಕು. ನೆಲ ಸವೆದೋಯ್ತದೆ,” ಎಂದು ಗುಂಡಿಯೊಳಗಿಂದ ನಟರಾಜ ಕೂಗಿದ.

ಅವನು ಕೊಳ್ಳೇಗಾಲದವನು, ನಲವತ್ತಕ್ಕೆ ಹತ್ತಿರದವನು, ರತ್ನಾಳ ಜೊತೆಗೇ ಬಂದವನು. ಗೇಟಿನ ಬುಡದಲ್ಲಿ ಎರಡಾಳು ಆಳದ ಒಂದು ಗುಂಡಿಯಿದೆ. ಊರಿನ ಮಳೆನೀರಿನ ಮರಳು, ಕೆಸರು, ಸತ್ತ ಮೀನು ಎಲ್ಲ ಬಂದು ಅಲ್ಲಿ ಕೂರುತ್ತದೆ. ಯಂತ್ರದ ಸೊಂಡಿಲು ಅದರ ಮೂಲೆಗಳನ್ನು ಮುಟ್ಟುವುದಿಲ್ಲ, ಮೂಲೆಗೆ ಮನುಷ್ಯರೇ ಬೇಕು. ನಿನ್ನೆಯ ಉಬ್ಬರಕ್ಕೆ ಗೇಟಿನ ಸಂದಿಯಿಂದ ಮೊಣಕಾಲುದ್ದ ಕೆಸರು ನುಗ್ಗಿ ನಾತ ಹೊಡೆಯುತ್ತಿತ್ತು. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಇಂಡಿಯಾದ ದೊಡ್ಡ ಮನುಷ್ಯರು ಬರುವವರಿದ್ದರು. ದೊಡ್ಡ ಮನುಷ್ಯರ ಮೂಗಿಗೆ ಸತ್ತ ಮೀನು ಬಡಿಯಬಾರದಲ್ಲ.

“ನೀ ಬಾಯ್ ಮುಚ್ಕಂಡು ಬಾಚ್ಲಾ. ಈ ಬೋಳಿಮಗ ಬೆಳಗ್ಗಿಂದ ಉರ್ಕಂತಾವ್ನೆ,” ಎಂದಳು ರತ್ನಾ.

ಕುರೋಡಾ ಉರಿದುಕೊಳ್ಳುವುದಕ್ಕೆ ಕಾರಣ ಹಲಗೆ.

ತೊಟ್ಟಿಗೆ ಇಳಿಯುವ ಮೆಟ್ಟಿಲಿನ ತಲೆಯಲ್ಲಿ, ಪ್ರವಾಸಿಗಳು ನಿಂತು ನೋಡುವ ಜಗಲಿಯ ಗೋಡೆಗೆ, ಒಂದು ಬಿಳಿ ಹಲಗೆ ತಗುಲಿಹಾಕಿದ್ದಾರೆ. ಕೆಳಗಿಳಿಯುವ ಪ್ರತಿಯೊಬ್ಬರೂ ತಮ್ಮ ಹೆಸರಿನ ಕೆಂಪು ಬಿಲ್ಲೆಯನ್ನು ಅದರ ಕೊಕ್ಕೆಗೆ ಹಾಕಿ ಇಳಿಯಬೇಕು, ಮೇಲೆ ಬಂದಾಗ ತೆಗೆಯಬೇಕು. ಒಂದೇ ಒಂದು ಬಿಲ್ಲೆ ನೇತಾಡುತ್ತಿದ್ದರೂ ಗೇಟಿನ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ. ಯಾರ ಬಿಲ್ಲೆಯನ್ನು ಅವರೇ ತೆಗೆಯಬೇಕು, ಇನ್ನೊಬ್ಬರು ಕೈಹಾಕುವಂತಿಲ್ಲ, ಮೇಯರೇ ಬಂದರೂ ಇಲ್ಲ. ಇದನ್ನು ಮೊದಲ ದಿನ ಅವಳಿಗೆ ಹೇಳಿಕೊಟ್ಟವನು ಗೇಟು ನಡೆಸುವ ಹಂದಾ-ಸಾನ್, ಅಂದರೆ ಹಂದಾ ಅವರು. ಬಿಳಿ ಕೈಗವಸಿನ ಮುದುಕ. ಮಾತು ಕಡಿಮೆ. ಬೆರಳು ಚಾಚಿ ತೋರಿಸಿ, ಗಟ್ಟಿಯಾಗಿ ಕೂಗಿ, ಆಮೇಲೆ ಕೆಲಸ ಮಾಡುವುದು ಅವನ ರೂಢಿ. ಹಲಗೆಯ ಕಡೆಗೆ ಬೆರಳು ಚಾಚಿ “ಒಳಗೆ ಯಾರೂ ಇಲ್ಲ, ಯೋಶಿ!” ಎಂದು, ಅಂದರೆ ಎಲ್ಲ ಸರಿ ಎಂದು, ಕೂಗದೆ ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಸ್ವಿಚ್ಚು ಒತ್ತಿದವನಲ್ಲ.

ಆ ದಿನ ಅವನು ಕೊಟ್ಟ ಕೆಂಪು ಬಿಲ್ಲೆಯ ಮೇಲೆ ಜಪಾನಿಯ ಮೂರು ಅಕ್ಷರ ಇದ್ದವು. “ರ-ತೊ-ನಾ,” ಎಂದು ಒಂದೊಂದರ ಮೇಲೂ ಬೆರಳಿಟ್ಟು ಓದಿ ಹೇಳಿದ. ಆ ರಾತ್ರಿ ಹಾಸ್ಟೆಲಿನಲ್ಲಿ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅವಳ ಗಂಡ ಸಿದ್ದರಾಜು ಮೈಸೂರಿನಲ್ಲಿ ಒಂದು ಒಳಚರಂಡಿಯ ಗುಂಡಿಗೆ ಇಳಿದು ಅಲ್ಲಿಯೇ ಸತ್ತವನು. ಇಳಿಸಿದವರು ಯಾರು ಎಂದು ಕೇಳಿದರೆ ಎಂಜಿನಿಯರು, ಗುತ್ತಿಗೆದಾರ, ಮೇಸ್ತ್ರಿ ಮೂವರೂ ಒಂದೇ ಮಾತು ಹೇಳಿದ್ದರು. ನಾವು ಇಳಿಸಿಲ್ಲ, ಅವನ ಹೆಸರೇ ನಮ್ಮಲ್ಲಿಲ್ಲ, ಕುಡಿದು ಬಿದ್ದಿರಬೇಕು. ಸಿದ್ದರಾಜು ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಒಂದು ಬಿಲ್ಲೆ ಇದ್ದಿದ್ದರೆ ಸಾಕಿತ್ತು ಎಂದು ಅವಳಿಗೆ ಅನಿಸಿತ್ತು.

ಇವತ್ತು ಬೆಳಿಗ್ಗೆ ಕುರೋಡಾ ಮೆಟ್ಟಿಲ ಹತ್ತಿರ ಕೈ ಚಾಚಿ ನಿಂತಿದ್ದ. “ಬಿಲ್ಲೆ ಕೊಡಿ. ಇವತ್ತು ಹಾಕುವುದು ಬೇಡ. ಟೂರಿನ ದಿನ ಕೆಲಸದವರು ಕೆಳಗಿರಬಾರದು ಅಂತ ನಗರಸಭೆಯ ನಿಯಮ. ಹಲಗೆಯಲ್ಲಿ ನಿಮ್ಮ ಹೆಸರು ಕಂಡರೆ ನನ್ನ ಗುತ್ತಿಗೆ ಹೋಗುತ್ತೆ. ನಿಮ್ಮ ವೀಸಾನೂ ಹೋಗುತ್ತೆ.”

ನಟರಾಜ ಕೊಟ್ಟುಬಿಟ್ಟ. ಕುರೋಡಾ ಅದನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡು ಜಿಪ್ಪು ಎಳೆದ. ರತ್ನಾ ತನ್ನದು ಹಾಸ್ಟೆಲಿನಲ್ಲಿ ಮರೆತು ಬಂದೆ ಎಂದಳು. “ತಲೆ ಇದ್ದರಲ್ಲವೇ ನೆನಪಿರುವುದು,” ಎಂದು ಅವನು ಬೈದ. ಬಿಲ್ಲೆ ಅವಳ ಅಂಗಿಯೊಳಗಿತ್ತು.

ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇತ್ತು, ಮೇಲಿನಿಂದ ಮಾತು, ನಗು, ಬೂಟಿನ ಸದ್ದು ಕೇಳಿಸಿತು. ದೊಡ್ಡ ಮನುಷ್ಯರು ಹೇಳಿದ ಹೊತ್ತಿಗೆ ಮೊದಲೇ ಬಂದದ್ದು ಅವರ ಆಯುಷ್ಯದಲ್ಲಿ ಅದೇ ಮೊದಲಿರಬೇಕು. ಗುಂಡಿಯಲ್ಲಿ ಇನ್ನೂ ಅರ್ಧ ಕೆಸರು ಉಳಿದಿತ್ತು. ಮೆಟ್ಟಿಲು ಹತ್ತಿ ಹೋಗುವ ಹಾಗಿಲ್ಲ. “ಒಳಗೆ, ಒಳಗೆ,” ಎಂದು ಕುರೋಡಾ ರತ್ನಾಳನ್ನೂ ಏಣಿಯಿಂದ ಗುಂಡಿಗೆ ಇಳಿಸಿದ. ಅವಳು ಕೆಳಗೆ ಕಾಲಿಡುತ್ತಲೇ ಏಣಿಯನ್ನು ಮೇಲಕ್ಕೆಳೆದುಕೊಂಡ. ಏಣಿ ಕಂಡರೂ ಅನುಮಾನವೇ. ಗುಂಡಿಯ ಬಾಯಿಗೆ ಕಬ್ಬಿಣದ ಜಾಲರಿ ಮುಚ್ಚಿ, ಅದರ ಮೇಲೆ ನೀಲಿ ಟಾರ್ಪಾಲು ಎಳೆದ.

ಕತ್ತಲು. ನಾತ. ಇಬ್ಬರೂ ಮೊಣಕಾಲುದ್ದ ಕೆಸರಿನಲ್ಲಿ ಗೋಡೆಗೆ ಒರಗಿ ನಿಂತರು.

ಟಾರ್ಪಾಲಿನ ಮೇಲಿನಿಂದ ಮಾತು ಹತ್ತಿರ ಹತ್ತಿರ ಬಂತು. ಕನ್ನಡ.

“ಫೆಂಟಾಸ್ಟಿಕ್. ಶ್ರೀನಾಥ್, ಒಂದು ಕಸ ಇದೆಯಾ ನೋಡಿ ಇಲ್ಲಿ. ಇದನ್ನ ಕ್ಲೀನ್ ಮಾಡೋರು ಯಾರಂತೆ, ಕೇಳಿ.”

ಇನ್ನೊಂದು ದನಿ ಜಪಾನಿಯಲ್ಲಿ ಏನೋ ಕೇಳಿತು. ಗೈಡ್ ಹೆಂಗಸಿನ ತೆಳ್ಳನೆಯ ದನಿ ಉತ್ತರ ಹೇಳಿತು.

“ಸಾರ್, ಕಂಪ್ಲೀಟ್ ಆಟೊಮ್ಯಾಟಿಕ್ ಅಂತೆ. ಎಲ್ಲಾ ಮಷೀನೇ. ಮನುಷ್ಯರು ಯಾರೂ ಇಳಿಯಲ್ವಂತೆ.”

“ಜೀರೋ ಹ್ಯೂಮನ್ ಎಂಟ್ರಿ! ಬರ್ಕೊಳ್ಳಿ, ಬರ್ಕೊಳ್ಳಿ. ಇದನ್ನ ರಿಪೋರ್ಟಲ್ಲಿ ಫಸ್ಟ್ ಪಾಯಿಂಟ್ ಹಾಕ್ಬೇಕು. ನಮ್ಮಲ್ಲಿ ಈ ಜನ ಹೇಳಿದ್ರೂ ಕೇಳಲ್ಲ ಕಣ್ರೀ, ತಾವಾಗೇ ಇಳೀತಾರೆ, ಸಾಯ್ತಾರೆ, ಆಮೇಲೆ ನಮ್ ತಲೆಗೆ ಕಟ್ತಾರೆ.”

ನಟರಾಜ ಬಾಯಿ ಬಿಟ್ಟ. ರತ್ನಾ ಕೆಸರು ಕೈಯಿಂದಲೇ ಅವನ ಬಾಯಿ ಮುಚ್ಚಿದಳು. ಆಮೇಲೆ ಅವಳಿಗೇ ನಗು ತಡೆಯಲಾಗದೆ ತನ್ನ ಬಾಯಿಯನ್ನೂ ಮುಚ್ಚಿಕೊಳ್ಳಬೇಕಾಯಿತು. ಅದು ಒಳ್ಳೆಯ ನಗುವಾಗಿರಲಿಲ್ಲ.

“ಯಾವನಕ್ಕಾ ಅವ್ನು?” ಎಂದು ನಟರಾಜ ಪಿಸುಗುಟ್ಟಿದ.

“ಯಾವನಾದ್ರೇನ್ಲಾ. ದನಿ ಕೇಳುದ್ರೆ ಗೊತ್ತಾಗಲ್ವಾ? ಇಂತೋನೆ ಒಬ್ಬ ನನ್ ಗಂಡನ್ ಹೆಣದ್ ಮುಂದೆ ಮೂಗಿಗೆ ಕರ್ಚೀಪ್ ಹಿಡ್ಕಂಡು ನಿಂತಿದ್ದ.”

ಬೂಟಿನ ಸದ್ದು ದೂರವಾಗಿ ಮೆಟ್ಟಿಲು ಹತ್ತಿತು. ಪ್ರವಾಸಿಗಳು ಕಂಬಗಳ ನಡುವೆ ಫೋಟೋ ಹೊಡೆಸಿಕೊಂಡು, ಜಗಲಿಗೆ ಹೋಗಿ, ಹಲಗೆಗೆ ಹಾಕಿದ್ದ ತಮ್ಮ ನಂಬರಿನ ಬಿಲ್ಲೆಗಳನ್ನು ತೆಗೆದುಕೊಂಡಿದ್ದರು. ಇನ್ನೇನು ಹೊರಡುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಟಾರ್ಪಾಲು ಸರಿಯಿತು. ಕುರೋಡಾನ ಮುಖ ಬೆವತಿತ್ತು.

“ಹೆಂಗಸು ಮೇಲೆ ಬಾ. ಜಗಲಿಯ ಮೇಲೆ ಏನೋ ಕೆಂಪು ಪುಡಿ ಚೆಲ್ಲಿದ್ದಾರೆ. ಒರೆಸಿ ಬಾ. ಬಾಯಿ ಬಿಚ್ಚಬೇಡ. ಗಂಡಸು ಅಲ್ಲೇ ಇರಲಿ, ಕೆಸರು ಮುಗಿಸಲಿ.”

ಏಣಿ ಇಳಿಯಿತು. ರತ್ನಾ ಹತ್ತಿದ ಮೇಲೆ ಅವನು ಅದನ್ನು ಮತ್ತೆ ಎಳೆದು ಕಂಬದ ಹಿಂದೆ ಒರಗಿಸಿದ, ಜಾಲರಿ ಎಳೆದು ಟಾರ್ಪಾಲು ಮುಚ್ಚಿದ. ಅವಳು ಬೂಟು ತೊಳೆದು, ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಬಕೆಟ್ಟು ಮಾಪು ಹಿಡಿದು ಜಗಲಿಗೆ ಹೋದಳು.

ಜಗಲಿಯ ಮೇಲೆ ಹನ್ನೆರಡು ಜನ, ಎಲ್ಲರ ತಲೆಯ ಮೇಲೂ ಏಡಿಯ ಗೊಂಬೆ ಬರೆದ ನೀಲಿ ಹೆಲ್ಮೆಟ್ಟು. ನಡುವೆ ರೇಷ್ಮೆ ಸೀರೆಯುಟ್ಟ ಒಬ್ಬ ಹೆಂಗಸು, ಅವಳ ತಲೆಗೂ ಅದೇ ಏಡಿ. ಅವಳ ಕೈಯಲ್ಲಿ ಬಿದಿರಿನ ಮೊರ. ನೆಲದ ಮೇಲೆ ಒಂದು ಬೊಗಸೆ ಕುಂಕುಮ ಚೆಲ್ಲಿ, ಒದ್ದೆ ನೆಲಕ್ಕೆ ಕಲೆಸಿ, ಹತ್ತು ಬೂಟಿನ ಅಡಿಯಲ್ಲಿ ಊರೆಲ್ಲ ಹರಡಿತ್ತು.

“ಅಯ್ಯೋ ಮುಂಡೇವಾ,” ಎಂದು ರತ್ನಾಳ ಬಾಯಿಂದ ತಾನಾಗಿ ಬಂತು.

ದುಭಾಷಿಯ ಕೆಲಸಕ್ಕೆ ಬಂದಿದ್ದ ಶ್ರೀನಾಥ ತಿರುಗಿ ನೋಡಿದ. ಮೈಸೂರಿನವನು, ಸಾಫ್ಟ್‌ವೇರಿನವನು, ಟೋಕಿಯೋ ಪಕ್ಕದ ಗ್ಯೋಟೋಕುವಿನಲ್ಲಿ ಹತ್ತು ವರ್ಷದಿಂದ ಇದ್ದವನು. “ಅರೆ, ನೀವು ಕನ್ನಡದವ್ರಾ? ಸಾರ್, ನೋಡಿ ಸಾರ್, ನಮ್ಮ ಕನ್ನಡದವ್ರು! ವಾಟ್ ಎ ಸರ್ಪ್ರೈಸ್.”

“ವೆರಿ ಗುಡ್, ವೆರಿ ಗುಡ್,” ಎಂದು ದೊಡ್ಡ ಹೊಟ್ಟೆಯ ದ್ವಾರಕಾನಾಥ ಮುಂದೆ ಬಂದ. ಬೆಂಗಳೂರಿನ ಕಡೆಯಿಂದ ಮಳೆನೀರಿನ ಕಾಲುವೆಗಳನ್ನು ಅಧ್ಯಯನ ಮಾಡಲು ಸರ್ಕಾರಿ ಖರ್ಚಿನಲ್ಲಿ ಬಂದ ತಂಡಕ್ಕೆ ಇವನೇ ಮುಖ್ಯಸ್ಥ. ಗುಂಡಿಯೊಳಗೆ ಕೇಳಿದ್ದ ದನಿ ಇವನದೇ. “ಎಲ್ಲಿಗೆ ಬಂದ್ರೂ ನಮ್ಮವರು ಇರ್ತಾರೆ. ಒಂದು ಸೆಲ್ಫಿ ಆಗ್ಲಿ. ವೇದಾ, ನೀನೂ ಬಾ.”

ಅವನ ಹೆಂಡತಿ ವೇದವಲ್ಲಿ ಮೊರ ಹಿಡಿದೇ ಪಕ್ಕಕ್ಕೆ ಬಂದಳು. ನಗುತ್ತಲೇ ಕೇಳಿದಳು. “ಯಾವ ಕಡೆಯಮ್ಮ ನಿಮ್ಮದು?”

“ನಂಜನಗೂಡ್ ತಾವ ಕನಮ್ಮ.”

“ಹೌದಾ, ನಮ್ಮ ಯಜಮಾನರ ತಾಯಿ ಕಡೇನೂ ಅಲ್ಲೇ. ಅಗ್ರಹಾರದ ಬೀದಿ. ನೀವು ಯಾವ ಬೀದಿ? ಅಂದ್ರೆ, ಯಾವ ಪೈಕಿ?”

ಪಾತಾಳದ ಮೆಟ್ಟಿಲ ತಲೆಯಲ್ಲಿ, ಊರಿನಿಂದ ಆರು ಸಾವಿರ ಕಿಲೋಮೀಟರ್ ದೂರ, ಏಡಿಯ ಹೆಲ್ಮೆಟ್ಟು ತಲೆಯ ಮೇಲೆ. ಅಲ್ಲಿಯೂ ಈ ಪ್ರಶ್ನೆ ಸುಸ್ತಾಗದೆ ಬಂದು ತಲುಪಿತ್ತು.

“ಹೊಲಗೇರಿಯೋರು,” ಎಂದಳು ರತ್ನಾ, ಅವಳ ಮುಖವನ್ನೇ ನೋಡುತ್ತ.

ವೇದವಲ್ಲಿಯ ನಗು ಹಾಗೆಯೇ ಇತ್ತು. ಮೊರ ಮಾತ್ರ ಎದೆಗೆ ಹತ್ತಿರ ಹೋಯಿತು. “ಪರವಾಗಿಲ್ಲ, ಪರವಾಗಿಲ್ಲ. ಸ್ವಲ್ಪ ಆ ಕಡೆ ನಿಂತ್ಕೋಮ್ಮ. ಇದು ಬಾಗಿನ, ಮಡೀಲಿ ಕಟ್ಟಿ ತಂದಿದೀನಿ ಅಷ್ಟೇ. ಈಗ ಯಾರು ನೋಡ್ತಾರೆ ಅದೆಲ್ಲ.” ಬಹುವಚನ ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿದಿರಲಿಕ್ಕಿಲ್ಲ. ಸೆಲ್ಫಿಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ರತ್ನಾ ಮೂಲೆಗೆ ಸರಿದು ಕುಂಕುಮ ಒರೆಸತೊಡಗಿದಳು.

ಬಾಗಿನದ ಕಥೆ ಆಗ ಗೊತ್ತಾಯಿತು. ನಮ್ಮಲ್ಲಿ ಅಣೆಕಟ್ಟು ತುಂಬಿದಾಗ ದೊಡ್ಡವರು ಹೆಂಡತಿಯ ಸಮೇತ ಹೋಗಿ ಮೊರದ ಬಾಗಿನ ಬಿಡುತ್ತಾರಲ್ಲ, ಪೇಪರಿನಲ್ಲಿ ಫೋಟೋ ಬರುತ್ತದಲ್ಲ, ಆ ಭಾಗ್ಯ ದ್ವಾರಕಾನಾಥನಿಗೆ ಊರಿನಲ್ಲಿ ಬಂದಿರಲಿಲ್ಲ. ಅಲ್ಲಿ ಅವನಿಗಿಂತ ದೊಡ್ಡವರು ಬಹಳ. ಹಾಗಾಗಿ ಮೈಸೂರಿನಿಂದ ಎರಡು ಮೊರವನ್ನು ಸೂಟ್‌ಕೇಸಿನಲ್ಲಿ ಇಟ್ಟು ತಂದಿದ್ದ. ಜಪಾನಿನ ಜಲದೇವತೆಗೆ ಕರ್ನಾಟಕದ ಬಾಗಿನ. ಒಂದು ತೊಂದರೆ ಮಾತ್ರ ಇಲ್ಲಿಗೆ ಬಂದ ಮೇಲೆ ಹೊಳೆಯಿತು. ತೊಟ್ಟಿಯಲ್ಲಿ ನೀರಿಲ್ಲ.

“ಸಿಮೆಂಟ್ ಮೇಲೆ ಬಾಗಿನ ಎಸೆಯಕ್ಕಾಗುತ್ತೇನ್ರೀ?” ಎಂದು ಅವನು ಶ್ರೀನಾಥನ ಮೇಲೆ ಹರಿಹಾಯ್ದ. “ಆ ಗೇಟು ಒಂಚೂರು ಎತ್ತಕ್ಕೆ ಹೇಳಿ. ಎರಡು ನಿಮಿಷ. ಸಮುದ್ರದ ನೀರು ಬರ್ಲಿ, ಬಿಡೋಣ, ಫೋಟೋ ತೆಗೆಯೋಣ, ಹೋಗೋಣ.”

ಶ್ರೀನಾಥ ಹತ್ತು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ಹೇಳಿ ಗೈಡ್ ಮೋರಿ-ಸಾನಳನ್ನು ಕೇಳಿದ. ಅವಳು ತಲೆ ವಾಲಿಸಿ, ಉಸಿರು ಎಳೆದುಕೊಂಡು, ಕಚೇರಿಗೆ ಫೋನು ಮಾಡಿದಳು. ಬಂದವರು ಮುಂದೆ ದೊಡ್ಡ ಯೋಜನೆಗೆ ಸಹಿ ಹಾಕುವವರು, ಹೇಗೂ ಉಬ್ಬರದ ಹೊತ್ತು, ಒಂದು ಗೇಣು ಎತ್ತಿ ತೋರಿಸಿ ಎಂದು ಅಲ್ಲಿಂದ ಅಪ್ಪಣೆಯಾಯಿತು. ಹಂದಾ-ಸಾನ್ ಸ್ವಿಚ್ಚಿನ ಪೆಟ್ಟಿಗೆಯ ಹತ್ತಿರ ಬಂದು ಕೈಗವಸು ಸರಿಮಾಡಿಕೊಂಡ.

ರತ್ನಾಳ ಕೈಯಲ್ಲಿ ಮಾಪು ನಿಂತಿತು.

ಹೋದ ತಿಂಗಳು ಗೇಟು ಪರೀಕ್ಷೆ ಮಾಡಿದಾಗ ಅವಳು ಇದೇ ಜಗಲಿಯಿಂದ ನೋಡಿದ್ದಳು. ಒಂದು ಗೇಣು ಎತ್ತಿದ್ದರು. ಅರ್ಧ ಲೋಟ ಚಹಾ ಕುಡಿಯುವುದರೊಳಗೆ ಗುಂಡಿ ಬಾಯಿಮಟ್ಟ ತುಂಬಿ ಹೊರಗೆ ಹರಿದಿತ್ತು. ಈಗ ಆ ಗುಂಡಿಯಲ್ಲಿ ನಟರಾಜ ಇದ್ದಾನೆ, ಏಣಿಯಿಲ್ಲ, ಮೇಲೆ ಜಾಲರಿ ಮುಚ್ಚಿದೆ. ನೀರು ನುಗ್ಗುವ ಸದ್ದಿನಲ್ಲಿ ಟಾರ್ಪಾಲಿನ ಅಡಿಯಿಂದ ಅವನು ಗಂಟಲು ಹರಿದುಕೊಂಡರೂ ಇಲ್ಲಿಗೆ ಕೇಳಿಸದು.

ಅವಳು ಜಗಲಿಯ ಮೂಲೆಗೆ ಬಂದು ನಿಂತಿದ್ದ ಕುರೋಡಾನ ಹತ್ತಿರ ಓಡಿದಳು. ತನ್ನ ಮುರುಕು ಜಪಾನಿಯಲ್ಲಿ ಹೇಳಿದಳು. ಅವನು ಅವಳ ಕಡೆ ತಿರುಗದೆ ತುಟಿ ಅಲುಗಿಸದೆ ಅಂದ. “ಗೊತ್ತು. ಮೊಣಕಾಲಿಗೆ ಬರುತ್ತೆ, ಅಷ್ಟೇ. ಒದ್ದೆಯಾದರೆ ಸಾಯಲ್ಲ. ಸುಮ್ಮನಿರು.”

“ಮೊಣಕಾಲ್ಗೆ ಈಗ್ಲೇ ಕೆಸರದೆ ಕನೋ, ಸೂಳೆಮಗನೆ,” ಎಂದಳು ಕನ್ನಡದಲ್ಲಿ. ಓಡಿ ಶ್ರೀನಾಥನ ತೋಳು ಹಿಡಿದಳು. ಅವನು ಬೆಚ್ಚಿ ತೋಳು ನೋಡಿಕೊಂಡ.

“ಸಾರ್, ಗೇಟಿನ್ ತಾವ ಗುಂಡೀಲಿ ನಟರಾಜ ಅವ್ನೆ. ನಮ್ಮೋನೆ, ಕೊಳ್ಳೇಗಾಲದೋನು. ನೀರ್ ಬುಟ್ರೆ ಸತ್ತೋಯ್ತನೆ. ಆಯಮ್ಮಂಗೆ ಹೇಳಿ ಸಾರ್, ಕಾಲಿಗ್ ಬೀಳ್ತೀನಿ.”

“ಏನಂತೆ?” ಎಂದ ದ್ವಾರಕಾನಾಥ. ಅವನಿಗೆ ಕೇಳಿಸಿತ್ತು. ಹನ್ನೆರಡು ಜನಕ್ಕೂ ಕೇಳಿಸಿತ್ತು, ಕನ್ನಡದಲ್ಲೇ ಅಲ್ಲವೇ ಹೇಳಿದ್ದು. ಅವನು ಕೈಗಡಿಯಾರ ನೋಡಿಕೊಂಡ. “ಯಾರೂ ಇಲ್ಲ ಅಂತ ಇವರೇ ಆಗ ಹೇಳಿದ್ರಲ್ಲ. ಇವಳಿಗೇನು ಗೊತ್ತು? ಅಫಿಶಿಯಲ್ ಆಗಿ ಅವ್ರು ಇಲ್ಲ ಅಂದ್ರೆ ಇಲ್ಲ. ಶ್ರೀನಾಥ್, ಸೀನ್ ಮಾಡ್ಬೇಡಿ ಇಲ್ಲಿ, ದೇಶದ ಮರ್ಯಾದೆ ಪ್ರಶ್ನೆ.”

ಮೋರಿ-ಸಾನ್ ನಗುಮುಖದಿಂದ ಕಾಯುತ್ತಿದ್ದಳು. ಶ್ರೀನಾಥ ಅವಳನ್ನು ನೋಡಿದ, ದ್ವಾರಕಾನಾಥನನ್ನು ನೋಡಿದ, ಬೂಟಿನ ತುದಿ ನೋಡಿಕೊಂಡ. ಆಮೇಲೆ ಚೊಕ್ಕ ಜಪಾನಿಯಲ್ಲಿ, ಬಾಗಿ ವಂದಿಸಿ, ಇವರು ನಮ್ಮ ರಾಜ್ಯದವರು, ಭಾವುಕರಾಗಿದ್ದಾರೆ, ಇವರಿಗೂ ಪೂಜೆ ನೋಡಬೇಕಂತೆ ಎಂದ.

ರತ್ನಾಳಿಗೆ ಅಷ್ಟು ಜಪಾನಿ ಬರುತ್ತಿತ್ತು. ಹತ್ತು ವರ್ಷ ಈ ನೆಲದ ಅನ್ನ ತಿಂದು ಇವನು ಕಲಿತ ಭಾಷೆ ಈ ಕೆಲಸಕ್ಕೆ ಬಂತು. ಅವಳು ಅವನ ತೋಳು ಬಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು, ಏನೋ ಹೊಲಸು ಮುಟ್ಟಿದವಳಂತೆ. ಮೋರಿ-ಸಾನಳ ಎದುರು ನಿಂತು ತಾನೇ ಹೇಳಿದಳು. “ಕೆಳಗೆ. ಮನುಷ್ಯ. ಒಬ್ಬ.”

ಮೋರಿ-ಸಾನಳ ನಗು ಒಂದು ಕ್ಷಣ ಅಲುಗಾಡಿತು. ಅವಳು ಹಲಗೆಯ ಕಡೆ ತಿರುಗಿದಳು. ಕೊಕ್ಕೆಗಳೆಲ್ಲ ಖಾಲಿ. ಕುರೋಡಾನನ್ನು ಕೇಳಿದಳು. ಅವನು ನೇರವಾಗಿ ನಿಂತು, ಹೌದು, ಯಾರೂ ಇಲ್ಲ, ಇವಳಿಗೆ ಭಾಷೆ ಸರಿಯಾಗಿ ಬರುವುದಿಲ್ಲ ಎಂದ. ಮೋರಿ-ಸಾನ್ ತಲೆಬಾಗಿಸಿದಳು. ಹಲಗೆ ಸುಳ್ಳು ಹೇಳುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಂದಾ-ಸಾನ್ ಗೇಟಿನ ಕಡೆ ಬೆರಳು ಚಾಚಿದ. “ಗೇಟು, ಯೋಶಿ!” ಉಬ್ಬರದ ಮುಳ್ಳಿನ ಕಡೆ ಚಾಚಿದ. “ನೀರಿನ ಮಟ್ಟ, ಯೋಶಿ!”

ವೇದವಲ್ಲಿ ಮೊರವನ್ನು ಗಂಡನ ಕೈಗೆ ಅರ್ಧ ಕೊಟ್ಟು ಇಬ್ಬರೂ ಕಟಕಟೆಯ ಹತ್ತಿರ ನಿಂತರು. ಯಾರೋ ಫೋನು ಎತ್ತಿ ಹಿಡಿದರು.

ಇನ್ನುಳಿದದ್ದು ಹಲಗೆ ಒಂದೇ. ಮುದುಕನ ಬೆರಳು ಅತ್ತ ತಿರುಗುವುದರೊಳಗೆ ರತ್ನಾ ಜನರ ನಡುವೆ ನುಗ್ಗಿದ್ದಳು. ಅಂಗಿಯೊಳಗೆ ಕೈ ಹಾಕಿ ಕೆಂಪು ಬಿಲ್ಲೆ ತೆಗೆದು ಹಲಗೆಯ ನಟ್ಟನಡುವಿನ ಕೊಕ್ಕೆಗೆ ತಗುಲಿಸಿದಳು. ನುಗ್ಗುವಾಗ ಅವಳ ಭುಜ ತಾಗಿ ಮೊರ ವಾಲಿ, ಬಳೆ ಬಿಚ್ಚೋಲೆ ತೊಗರಿಬೇಳೆ ಜಗಲಿಯ ಮೇಲೆ ಚೆಲ್ಲಿದವು.

“ಮುಟ್ಟಿಬಿಟ್ಲಲ್ರೀ!” ಎಂದು ವೇದವಲ್ಲಿ ಕೂಗಿದಳು.

ರತ್ನಾ ಕಾಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲಗಳನ್ನು ಕಿತ್ತೆಸೆದು ಮೆಟ್ಟಿಲು ಇಳಿದಳು. ಹಿಂದಿನಿಂದ ಕುರೋಡಾನ “ದಾಮೆ! ದಾಮೆ!” ಕೇಳಿಸಿತು. ಬೇಡ, ಬೇಡ. ಈ ದೇಶಕ್ಕೆ ಬಂದು ಅವಳು ಮೊದಲು ಕಲಿತ ಪದ ಅದು. ಬೆಳಿಗ್ಗೆ ಆರರಿಂದ ತಾನೇ ತೊಳೆದಿದ್ದ ನೆಲದ ನಡುವೆಯೇ, ಒಂದು ಹೆಜ್ಜೆಯನ್ನೂ ಒರೆಸದೆ, ನೆಟ್ಟಗೆ ನಡೆದಳು. ಕಂಬದ ಹಿಂದಿನ ಏಣಿಯನ್ನು ದರದರ ಎಳೆದು ತಂದಳು. ಟಾರ್ಪಾಲು ಕಿತ್ತಳು. ಜಾಲರಿ ಒಬ್ಬಳಿಗೆ ಎತ್ತಲಾಗದ ಭಾರ. ಹೇಗೆ ಎತ್ತಿದೆ ಎಂದು ಆಮೇಲೆ ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಮೇಲೆ ಹಂದಾ-ಸಾನ್‌ನ ಬೆರಳು ಹಲಗೆಯ ಕಡೆಗೆ ಚಾಚಿ ನಿಂತಿತ್ತು. ಅವನು ಓದಿದ. ಸ್ವಿಚ್ಚಿನ ಪೆಟ್ಟಿಗೆಯ ಪಕ್ಕದ ಮೈಕು ಆನ್ ಆಗಿಯೇ ಇದ್ದುದರಿಂದ ಅವನ ಕೂಗು ಕಂಬ ಕಂಬಕ್ಕೂ ಬಡಿದು ಕೆಳಗೆ ಬಂತು. “ಒಳಗೆ ಒಬ್ಬರು. ರತೊನಾ. ಗೇಟು ಇಲ್ಲ!” ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಸಿದ. ಕುರೋಡಾ ಬಿಲ್ಲೆಯ ಕಡೆಗೆ ಕೈ ಚಾಚಿದಾಗ ಮುದುಕ ಬಿಳಿ ಕೈಗವಸಿನಿಂದ ಅವನ ಮಣಿಕಟ್ಟು ಹಿಡಿದ. ಅವನದಲ್ಲದ ಬಿಲ್ಲೆ ಅದು.

ನಟರಾಜ ಗುಂಡಿಯೊಳಗಿಂದ ಕಣ್ಣು ಕಿರಿದು ಮಾಡಿ ಮೇಲೆ ನೋಡಿದ. “ಯಾನಕ್ಕಾ? ಮುಗೀತಾ ಟೂರು? ಮೈಕಲ್ಲಿ ಗೇಟು ಯೋಶಿ ಅಂದಂಗಾಯ್ತು, ಜೀವವೇ ಹೋದಂಗಾಯ್ತು ನಂಗೆ.”

“ಹೋಗ್ತಿತ್ತು ಕನ್ಲಾ. ಏಣಿ ಹತ್ತಿ ಅಂಚಿಗ್ ಬಾ. ಅಲ್ಲೇ ಕೂತ್ಕೊ.”

ಅವನು ಹತ್ತಿ ಬಂದ. ಸೊಂಟದವರೆಗೆ ಕೆಸರು, ಕಣ್ಣು ಮಾತ್ರ ಬೆಳ್ಳಗೆ. ಇಬ್ಬರೂ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಜಗಲಿಯ ಮೇಲೆ ಹದಿನೈದು ಮುಖಗಳು ಸಾಲಾಗಿ ಬಗ್ಗಿ ನೋಡುತ್ತಿದ್ದವು. ಗೈಡ್ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಿದ್ದಳು.

“ಏಯ್, ಏನಮ್ಮ ಇದು ನಾಟಕ?” ದ್ವಾರಕಾನಾಥನ ದನಿ. “ಬಾ ಮೇಲೆ. ನಿನ್ನ ಕಳ್ಸಿದ ಏಜೆನ್ಸಿ ಯಾವ್ದು? ಒಂದು ಫೋನಲ್ಲಿ ಊರಿಗೆ ವಾಪಸ್ ಕಳಿಸ್ತೀನಿ ನೋಡ್ತಿರು.”

“ಕಳ್ಸಿ ಸಾರ್,” ಎಂದು ರತ್ನಾ ಕೂತಲ್ಲಿಂದಲೇ ಕೂಗಿದಳು. “ಅಲ್ಲೂ ನಿಮ್ದೇ ಗುಂಡಿ ತಾನೆ? ಅಲ್ ಬಿಲ್ಲೇನೂ ಇಲ್ಲ.”

ದ್ವಾರಕಾನಾಥ ಕೈಯಲ್ಲಿದ್ದ ಖಾಲಿ ಮೊರವನ್ನು ನೋಡಿದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡ. ಶ್ರೀನಾಥ ಮೆಟ್ಟಿಲವರೆಗೆ ಬಂದು ಅನುನಯದ ದನಿ ತೆಗೆದ. “ರತ್ನಮ್ಮ, ಪ್ಲೀಸ್ ಬನ್ನಿ. ಮಾತಾಡಿ ಸಾಲ್ವ್ ಮಾಡ್ಕೊಳ್ಳೋಣ. ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ.”

“ನೀನ್ ಮಾಡುದ್ದು ಆಯ್ತಲ್ಲಪ್ಪ, ಪೂಜೆ ನೋಡ್ಬೇಕು ಅಂತ. ನೋಡ್ತಾ ಇವ್ನಿ, ಬುಡು.”

ನಟರಾಜ ಅವಳ ಕಡೆ ವಾಲಿದ. “ಅಕ್ಕಾ, ನಂಗ್ ಭಯ ಆಯ್ತದೆ. ವೀಸಾ ಹೋಯ್ತದಲ್ಲ. ಹತ್ತನಾ?”

“ನಿನ್ ಬಿಲ್ಲೆ ಎಲ್ಲದೆ?”

“ಅವನ್ ಜೇಬಲ್ಲಿ.”

“ಹಂಗಾದ್ರೆ ನೀನಿನ್ನೂ ಒಳಗೇ ಬಂದಿಲ್ಲ. ಬರ್ದೇ ಇರೋನು ಹೆಂಗ್ಲಾ ಹೊರಗ್ ಹೋದೀಯೆ? ಸುಮ್ನೆ ಕೂತ್ಕೊ.” ಅವಳು ಎದ್ದು ನಿಂತು ಹಂದಾ-ಸಾನ್‌ನ ಹಾಗೆಯೇ ತೋಳು ನೀಳ ಚಾಚಿ, ಕುರೋಡಾನ ಜಾಕೆಟ್ಟಿನ ಜೇಬಿನ ಕಡೆಗೆ ಬೆರಳು ತೋರಿಸಿದಳು.

ಮುದುಕ ಆ ಬೆರಳನ್ನು ನೋಡಿದ. ನಟರಾಜನನ್ನು ನೋಡಿದ. ಹಲಗೆಯ ಮೇಲೆ ಒಂದು ಹೆಸರು, ಕೆಳಗೆ ಎರಡು ತಲೆ. ಲೆಕ್ಕ ತಪ್ಪಿದ್ದನ್ನು ಅವನ ಮುಖ ಸಹಿಸಲಿಲ್ಲ. ಕುರೋಡಾನ ಮುಂದೆ ಕೈಗವಸು ಚಾಚಿ ನಿಂತ, ಬೆಳಿಗ್ಗೆ ಕುರೋಡಾ ನಟರಾಜನ ಮುಂದೆ ನಿಂತಿದ್ದ ಹಾಗೆ.

ಕುರೋಡಾ ಮೋರಿ-ಸಾನಳನ್ನು ನೋಡಿದ. ಅವಳು ಫೋನು ಕಿವಿಗಿಟ್ಟು ಬೇರೆ ಕಡೆ ತಿರುಗಿ ಯಾರಿಗೋ ಬಾಗಿ ಬಾಗಿ ಏನೋ ಹೇಳುತ್ತಿದ್ದಳು. ಕೊನೆಗೆ ಜಿಪ್ಪಿನ ಸದ್ದು ಮೈಕಿನಲ್ಲಿ ಕೇಳಿಸಿತು. ಬಿಲ್ಲೆ ಹೊರಗೆ ಬಂತು. ಹಂದಾ-ಸಾನ್ ಅದನ್ನು ತಾನು ಮುಟ್ಟಲಿಲ್ಲ, ಹಲಗೆಯನ್ನು ತೋರಿಸಿದ. ಕುರೋಡಾ ತನ್ನ ಕೈಯಿಂದಲೇ, ಎಲ್ಲರೂ ನೋಡುತ್ತಿದ್ದಂತೆ, ಅದನ್ನು ರತ್ನಾಳ ಬಿಲ್ಲೆಯ ಪಕ್ಕದ ಕೊಕ್ಕೆಗೆ ತಗುಲಿಸಿದ.

“ಒಳಗೆ ಇಬ್ಬರು!” ಎಂದು ಮುದುಕನ ಕೂಗು ಕಂಬಗಳ ನಡುವೆ ಹೋಗಿ ಬಂತು.

ನಟರಾಜ ಎದ್ದು ಕೈ ಕೆಸರು ಒರೆಸಿಕೊಂಡ. “ಈಗ್ಲಾದ್ರೂ ಹತ್ತನಾ ಅಕ್ಕಾ? ಕಾಯ್ತಾವ್ರೆ.”

“ಕಾಯ್ಲಿ,” ಎಂದು ರತ್ನಾ ಕಂಬದ ಬುಡದಲ್ಲಿ ಅಡಗಿಸಿಟ್ಟಿದ್ದ ಬುತ್ತಿಯನ್ನು ಎಳೆದುಕೊಂಡು ಗಂಟು ಬಿಚ್ಚಿದಳು. “ಊಟದ್ ಹೊತ್ತಾಯ್ತು. ಕೂತ್ಕೊ.”